ಸಂವಾದ ಮಾಡೋರಿಗೆಲ್ಲ ಮೈಕ್ ಸೆಟ್‌ನೋನ ಬಹಿರಂಗ ಪತ್ರ

ಸಾಗರ ತಾಲ್ಲೂಕಿನಲ್ಲಿ ಸಂವಾದ, ವಿಚಾರ ಸಂಕಿರಣ, ಚಿಂತನಗೋಷ್ಠಿ ಅಂತ ಕಾರ್ಯಕ್ರಮ ಮಾಡೋ ಸಂಘದೋರಿಗೆ, ವೇದಿಕೆಯೋರಿಗೆ, ಪಕ್ಷದೋರಿಗೆ, ಕಾಲೇಜಿನೋರಿಗೆ ಎಲ್ಲರಿಗೂ ನಮಸ್ಕಾರ.

ನಾನು ಯಾರು ಅಂತ ನಿಮಗೆ ಗೊತ್ತೇ ಇದೆ, ಹೆಸರು ಬೇಡ. ಸ್ಟೇಜಿನ ಪಕ್ಕ ಕಿಟಕಿ ಹತ್ರ ಮಿಕ್ಸರ್ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತಿರ್ತಾನಲ್ಲ, ಭಾಷಣದ ಮಧ್ಯೆ "ಸೌಂಡ್ ಸ್ವಲ್ಪ ಜಾಸ್ತಿ ಮಾಡಪ್ಪ" ಅಂತೀರಲ್ಲ, ಅವನೇ. ಮದುವೆ, ಜಾತ್ರೆ, ಯಕ್ಷಗಾನ, ಗಣಪತಿ, ಎಲ್ಲದಕ್ಕೂ ಮೈಕ್ ಹಾಕ್ತೀನಿ, ಅದರ ಜೊತೆಗೆ ನಿಮ್ಮ ಕಾರ್ಯಕ್ರಮಗಳಿಗೂ. ಮದುವೇಲಿ ನಾನು ಏನೂ ಕೇಳಿಸ್ಕೊಳ್ಳಲ್ಲ, ವಾಲಗದ ಮೈಕ್ ಒಂದು ಸರಿ ಇದ್ರೆ ಸಾಕು. ನಿಮ್ಮ ಕಾರ್ಯಕ್ರಮದಲ್ಲಿ ಹಾಗಾಗಲ್ಲ, ಯಾರು ಯಾವಾಗ ಮೈಕ್‌ನಿಂದ ದೂರ ಹೋಗ್ತಾರೋ ಯಾವಾಗ ಕಿರುಚ್ತಾರೋ ಅಂತ ಕಿವಿ ಕೊಟ್ಟು ಕೂತಿರಲೇಬೇಕು, ಹಾಗಾಗಿ ಓದಿದ್ದು ಪಿಯುಸಿವರೆಗಾದ್ರೂ ಕೇಳಿದ್ದು ಜಾಸ್ತಿ ಆಗಿಬಿಟ್ಟಿದೆ, ಅದೂ ಬಾಡಿಗೆ ತಗೊಂಡು ಕೇಳಿದ್ದು.

ಸೀದಾ ವಿಷಯಕ್ಕೆ ಬರ್ತೀನಿ. ಕೆಳಗೆ ಕೂತಿರೋ ಜನಕ್ಕೆ ಮೈಕ್ ಕೊಡಿ. ಕೊನೇಲಿ ಅಲ್ಲ, ಮೊದಲು ಕೊಡಿ.

ಬುಕ್ ಮಾಡೋಕೆ ಫೋನ್ ಮಾಡ್ದಾಗ ನೀವೇ ಹೇಳ್ತೀರಿ. ಪೋಡಿಯಂಗೆ ಎರಡು, ಟೇಬಲ್‌ಗೆ ನಾಲ್ಕು, ನಿರೂಪಣೆಗೆ ಒಂದು, "ಆಮೇಲೆ ಆಡಿಯನ್ಸ್‌ಗೆ ಅಂತ ಒಂದು ಕಾರ್ಡ್‌ಲೆಸ್ ಇರಲಿ, ಸಂವಾದ ಅಲ್ವಾ". ನಾನು ಅದಕ್ಕೆ ಹೊಸ ಸೆಲ್ ಹಾಕಿ, ಹಲೋ ಹಲೋ ಅಂತ ಹಾಲ್‌ನ ಕೊನೆ ಬಾಗಿಲವರೆಗೂ ನಡೆದು ಚೆಕ್ ಮಾಡಿ, ಮಿಕ್ಸರ್ ಪಕ್ಕ ಇಟ್ಕೋತೀನಿ. ಮಧ್ಯಾಹ್ನ ಒಂದೂವರೆ ಹೊತ್ತಿಗೆ ನಿರೂಪಣೆ ಮೈಕಿನ ಸೆಲ್ ಸತ್ತೋಗುತ್ತೆ, ಆಗ ಆಡಿಯನ್ಸ್ ಮೈಕಿನ ಸೆಲ್ ತೆಗೆದು ಅದಕ್ಕೆ ಹಾಕ್ತೀನಿ. ಯಾಕಂದ್ರೆ ಅಷ್ಟೊತ್ತಿಗೆ ನಿರೂಪಕರು ಏನು ಹೇಳ್ತಾರೆ ಅಂತ ನನಗೆ ಬಾಯಿಪಾಠ, "ಸಮಯದ ಅಭಾವದಿಂದ ಪ್ರಶ್ನೋತ್ತರವನ್ನು ಕೈಬಿಡಲಾಗಿದೆ, ಸಭಿಕರು ಸಹಕರಿಸಬೇಕು". ಸಭಿಕರು ಪಾಪ ಸಹಕರಿಸ್ತಾರೆ, ಎದ್ದು ಊಟಕ್ಕೆ ಹೋಗ್ತಾರೆ.

ಸಮಯದ ಅಭಾವ ಹೇಗೆ ಆಗುತ್ತೆ ಅನ್ನೋದೂ ನನಗೆ ಗೊತ್ತು ಮಾರಾಯ್ರೆ, ಕಾರ್ಡ್‌ನಲ್ಲಿ ಹತ್ತೂವರೆ ಅಂತ ಇರುತ್ತೆ, ಉದ್ಘಾಟಕರು ಬರೋದು ಹನ್ನೊಂದೂ ಮುಕ್ಕಾಲಿಗೆ, ಅಲ್ಲಿಂದ ಪ್ರಾರ್ಥನೆ, ಸ್ವಾಗತ, ದೀಪ ಹಚ್ಚೋದು, ಕ್ಯಾಮೆರಾದೋನು ಇನ್ನೊಂದು ಸಲ ಅಂತಾನೆ ಅಂತ ಮತ್ತೆ ಹಚ್ಚಿದ ಹಾಗೆ ಮಾಡೋದು, ಪ್ರಾಸ್ತಾವಿಕ, ಅದರಲ್ಲಿ ವಿಷಯ ಎಲ್ಲಾ ಮುಗಿದೇ ಹೋಗಿರುತ್ತೆ, ಆಮೇಲೆ ಸನ್ಮಾನ, ಶಾಲು ಹಾರ ಹಣ್ಣಿನ ಬುಟ್ಟಿ ನೆನಪಿನ ಕಾಣಿಕೆ, ಸನ್ಮಾನಿತರ ಪರವಾಗಿ ಎರಡು ಮಾತು, ಆ ಎರಡು ಮಾತು ಇಪ್ಪತ್ತು ನಿಮಿಷ. ಅದಾದ ಮೇಲೆ ಪ್ಯಾನೆಲ್ ಅಂತ ಶುರು. ಒಬ್ಬೊಬ್ಬರಿಗೆ ಹದಿನೈದು ನಿಮಿಷ ಅಂದಿರ್ತೀರಿ, ಮೊದಲನೇಯೋರೇ ನಲವತ್ತು ನಿಮಿಷ ತಗೋತಾರೆ. ಚೀಟಿ ಕಳಿಸಿದ್ರೆ ಓದಿ, ನಕ್ಕು, ಜೇಬಿಗೆ ಹಾಕ್ಕೊಂಡು ಮುಂದುವರೆಸ್ತಾರೆ. ಅಂದ್ರೆ ಟೈಮ್ ಇಲ್ಲ ಅಂತಲ್ಲ, ಟೈಮ್ ಎಲ್ಲಾ ಮೇಲೇ ಖರ್ಚಾಯ್ತು, ಕೆಳಗೆ ಬರೋ ಹೊತ್ತಿಗೆ ಖಾಲಿ.

ಇದನ್ನೆಲ್ಲ ಇಷ್ಟು ದಿನ ನೋಡ್ಕೊಂಡೇ ಬಂದಿದ್ದೆ, ನನ್ನ ಬಾಡಿಗೆ ನನಗೆ ಬರುತ್ತೆ, ನನಗೆಂತ. ಆದರೆ ಮೊನ್ನೆ ಮುಳುಗಡೆ ಸಂತ್ರಸ್ತರ ಬಗ್ಗೆ ಒಂದು ಸಂವಾದಕ್ಕೆ ಮೈಕ್ ಹಾಕಿದ್ದೆ, ಯಾರು ಮಾಡಿದ್ರು ಅಂತ ಹೇಳಲ್ಲ. ವೇದಿಕೆ ಮೇಲೆ ಐದು ಜನ. ಒಳ್ಳೇ ಮಾತಾಡೋರೇ, ಸುಳ್ಳು ಹೇಳಲ್ಲ. ಶರಾವತಿಗೆ ಲಿಂಗನಮಕ್ಕಿ ಡ್ಯಾಂ 1964ರಲ್ಲಿ ಆಗಿದ್ದು, ನಾಡಿಗೆ ಕರೆಂಟ್ ಕೊಟ್ಟೋರು ಕತ್ತಲೇಲಿ ಕೂತಿದ್ದು, ಹಕ್ಕುಪತ್ರ ಇಲ್ದೇ ಮೂರನೇ ತಲೆಮಾರು ಬಂದಿದ್ದು, ಎಲ್ಲಾ ಹೇಳಿದ್ರು. ಕೆಳಗೆ ಎರಡನೇ ಸಾಲಿನಲ್ಲಿ ಒಬ್ಬರು ಅಜ್ಜ, ಬಿಳಿ ಪಂಚೆ, ತೊಡೆ ಮೇಲೆ ಒಂದು ಪ್ಲಾಸ್ಟಿಕ್ ಕವರ್, ಅದರೊಳಗೆ ರಬ್ಬರ್ ಬ್ಯಾಂಡ್ ಹಾಕಿದ ಹಳೇ ಕಾಗದಗಳು. ಮೊದಲನೇ ಭಾಷಣ ಆದಾಗಿಂದ ಕೈ ಎತ್ತೋದು ಇಳಿಸೋದು ಮಾಡ್ತಾ ಇದ್ರು. ಕಾರ್ಯಕರ್ತ ಹುಡುಗ ಬಂದು "ಕೊನೆಗೆ ಅವಕಾಶ ಇದೆ ಅಜ್ಜಾ" ಅಂತ ಹೇಳಿ ಹೋದ. ಕೊನೆಗೆ ಎಂತ ಆಯ್ತು ಅಂತ ನಿಮಗೆ ಗೊತ್ತು.

ನಾನು ವೈರ್ ಸುತ್ತೋವಾಗ ಅವರು ಊಟಕ್ಕೂ ಹೋಗದೆ ಅಲ್ಲೇ ಕೂತಿದ್ರು, ಏನು ಕೇಳ್ಬೇಕಿತ್ತು ಅಜ್ಜ ಅಂದೆ. ಅವರ ಪ್ರಶ್ನೆ ಇಷ್ಟೇ. ಕಾಡಲ್ಲಿ ಇರೋರಿಗೆ ಜಮೀನಿನ ಹಕ್ಕು ಕೊಡೋ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನೋರು ಅಲ್ಲದೇ ಇರೋರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲೇ ಇದ್ದಿದ್ದಕ್ಕೆ ದಾಖಲೆ ಕೊಡ್ಬೇಕು. ಲೆಕ್ಕ ಹಾಕಿದ್ರೆ 1930ರಿಂದ ಇರ್ಬೇಕು. "ನಮ್ಮ ಅಪ್ಪನ್ನ ಸಾಮಾನು ಸಮೇತ ಲಾರೀಲಿ ತುಂಬ್ಕೊಂಡು ಬಂದು ಈ ಕಾಡಲ್ಲಿ ಇಳಿಸಿದ್ದೇ ಸರ್ಕಾರ, ಅದೂ ಡ್ಯಾಂ ಕಟ್ಟೋವಾಗ. 1930ರಲ್ಲಿ ನಮ್ಮನೆ ಈಗ ನೀರಿನ ಅಡಿ ಇರೋ ಊರಲ್ಲಿತ್ತು. ಇಲ್ಲಿ ಇದ್ದೆ ಅಂತ ಕಾಗದ ಎಲ್ಲಿಂದ ತರ್ಲಿ? ಅಲ್ಲಿ ಇದ್ದೆ ಅನ್ನೋ ಕಾಗದ ಇದೆ, ಅದು ನಡೆಯಲ್ವಾ ಅಂತ ಆ ವಕೀಲ್ರನ್ನ ಕೇಳ್ಬೇಕಿತ್ತು."

ವಕೀಲ್ರು ಅಷ್ಟೊತ್ತಿಗೆ ಕಾರ್ ಹತ್ತಿ ಆಗಿತ್ತು. ಐದು ಜನ ಮಾತಾಡಿದ ಮೂರು ಗಂಟೇಲಿ ಈ ಪಾಯಿಂಟ್ ಯಾರೂ ಎತ್ತಿರಲಿಲ್ಲ, ನಾನು ಕೂತು ಕೇಳಿದ್ದೀನಲ್ಲ. ಅವರಿಗೆ ಗೊತ್ತಿಲ್ಲ ಅಂತಲ್ಲ, ಗೊತ್ತಿರುತ್ತೆ, ಆದರೆ ಭಾಷಣಕ್ಕೆ ಅದು ಬೇಕಾಗಲ್ಲ, ಇತಿಹಾಸ ಬೇಕಾಗುತ್ತೆ, ಕವನದ ಸಾಲು ಬೇಕಾಗುತ್ತೆ. ಕಾಗದದ ಕಷ್ಟ ಇರೋದು ಆ ಪ್ಲಾಸ್ಟಿಕ್ ಕವರ್ ಹಿಡ್ಕೊಂಡಿರೋರಿಗೆ. ಆ ಪ್ರಶ್ನೆ ಬೆಳಿಗ್ಗೆ ಹನ್ನೊಂದಕ್ಕೇ ಮೈಕಲ್ಲಿ ಬಂದಿದ್ರೆ ಇಡೀ ದಿನದ ಮಾತು ಬೇರೆ ದಾರಿ ಹಿಡೀತಿತ್ತು, ವಕೀಲ್ರೂ ನಾಲ್ಕು ಕೆಲಸಕ್ಕೆ ಬರೋ ಮಾತು ಹೇಳ್ತಿದ್ರು ಅನ್ನೋದು ನನ್ನ ಅಂದಾಜು.

ಅದಕ್ಕೇ ಮೊದಲು ಅಂದಿದ್ದು. ಜನ ಮೊದಲು ಮಾತಾಡ್ಲಿ, ಅರ್ಧ ಗಂಟೆ. ಮೇಲೆ ಕೂತೋರು ಪೆನ್ನು ಹಿಡ್ಕೊಂಡು ಬರ್ಕೊಳ್ಳಲಿ. ಆಮೇಲೆ ಅವರು ಮಾತಾಡೋವಾಗ ಆ ಪ್ರಶ್ನೆಗೆ ಸೇರಿಸಿ ಮಾತಾಡ್ಲಿ. ಮನೇಲಿ ಬರ್ಕೊಂಡು ಬಂದಿದ್ದನ್ನ ಓದೋದಾದ್ರೆ ವಾಟ್ಸಾಪಲ್ಲಿ ಹಾಕಿದ್ರೂ ಆಗುತ್ತೆ, ಶಿವಮೊಗ್ಗದಿಂದ ಕಾರ್ ಮಾಡಿ ಕರೆಸೋದು ಯಾಕೆ.

ಇದೇನೂ ನಾನು ಹೊಸದಾಗಿ ಕಂಡುಹಿಡಿದಿದ್ದಲ್ಲ. ಸರ್ಕಾರದ ಕಾನೂನಲ್ಲೇ ನಿಮ್ಮ ಸಂವಾದಕ್ಕಿಂತ ಜಾಸ್ತಿ ಅವಕಾಶ ಇದೆ, ನಗಬೇಡಿ, ನಿಜ. ದೊಡ್ಡ ಯೋಜನೆಗೆ ಪರಿಸರ ಅನುಮತಿ ಬೇಕಾದಾಗ ಸಾರ್ವಜನಿಕ ಅಹವಾಲು ಸಭೆ ಅಂತ ಮಾಡ್ಬೇಕಲ್ಲ, ಅದಕ್ಕೆ 2006ರ ಅಧಿಸೂಚನೆ ಇದೆ. 30 ದಿನ ಮುಂಚೆ ಪೇಪರಲ್ಲಿ ಹಾಕ್ಬೇಕು, ಡಿಸಿ ಅಥವಾ ಎಡಿಸಿ ಮಟ್ಟಕ್ಕೆ ಕಮ್ಮಿ ಇಲ್ಲದ ಅಧಿಕಾರಿ ಅಧ್ಯಕ್ಷತೆ, ಕೋರಂ, ಅಂದ್ರೆ ಕಮ್ಮಿ ಅಂದ್ರೂ ಇಷ್ಟು ಜನ ಬರಲೇಬೇಕು ಅನ್ನೋದು, ಇಲ್ಲ, ಪೂರ್ತಿ ವಿಡಿಯೋ ಮಾಡ್ಬೇಕು, ಅಲ್ಲಿ ಬಂದಿರೋ ಪ್ರತಿಯೊಬ್ಬರಿಗೂ ಯೋಜನೆಯೋರನ್ನ ಪ್ರಶ್ನೆ ಕೇಳೋಕೆ ಅವಕಾಶ ಕೊಡ್ಬೇಕು, ಕೊನೆಗೆ ಜನ ಏನು ಹೇಳಿದ್ರು ಅನ್ನೋದನ್ನ ಅಲ್ಲೇ ಅವರ ಭಾಷೇಲಿ ಓದಿ ಹೇಳ್ಬೇಕು. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಕಾರ್ಗಲ್‌ನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್‌ಗೆ ಅಂತ ಆಗಿದ್ದು ಇದೇ ಸಭೆ, ಕೆಳಗಿನ ಡ್ಯಾಂ ನೀರನ್ನ ಮೇಲಕ್ಕೆ ಪಂಪ್ ಮಾಡಿ ಮತ್ತೆ ಕೆಳಗೆ ಬಿಟ್ಟು ಕರೆಂಟ್ ಮಾಡೋ 2000 ಮೆಗಾವ್ಯಾಟಿನ ಯೋಜನೆ. ಜನ ಹೇಳಿದ್ದನ್ನ ಮೇಲಿನೋರು ಕೇಳ್ತಾರೋ ಬಿಡ್ತಾರೋ ಅದು ಬೇರೆ ಜಗಳ. ಆದರೆ ನಿಯಮದಲ್ಲಿ "ಪ್ರತಿಯೊಬ್ಬರಿಗೂ" ಅಂತ ಇದೆ. ಪಂಪ್ಡ್ ಸ್ಟೋರೇಜ್ ಬಗ್ಗೆ ಊರಲ್ಲಿ ಆದ ಸಂವಾದಕ್ಕೂ ಮೈಕ್ ಹಾಕಿದ್ದು ನಾನೇ, ಅಲ್ಲಿ ಆ ಕಾಡಿನ ಸಿಂಗಳೀಕ ಅನ್ನೋ ಕೋತಿ ಬಗ್ಗೆ ಚೆನ್ನಾಗಿ ಮಾತಾಡಿದ್ರು, ಕಾರ್ಗಲ್ ಕಡೆಯಿಂದ ಬಂದಿದ್ದ ಹುಡುಗನೊಬ್ಬ ಕೆಲಸ ಸಿಗುತ್ತಾ ಇಲ್ವಾ ಅಂತ ಕೇಳೋಕೆ ಎದ್ದು ನಿಂತ್ರೆ ಕೂರಿಸಿದ್ರು. ಆ ಪ್ರಶ್ನೆ ನಿಮಗೆ ಇಷ್ಟ ಆಗದೇ ಇರ್ಬಹುದು. ಅವನು ಅದನ್ನ ಕೇಳೋಕೇ ಬಸ್ ಹತ್ತಿ ಬಂದಿದ್ದು.

ಗ್ರಾಮಸಭೆಗಂತೂ ಜನ ಇರಲೇಬೇಕು ಅಂತ ಕಾನೂನಲ್ಲೇ ಇದೆ. ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಮ್ಮಿಯೋ ಅಷ್ಟು ಮತದಾರರು ಬರದೇ ಕೋರಂ ಆಗಲ್ಲ. ಅರಣ್ಯ ಹಕ್ಕಿನ ಅರ್ಜಿ ನೋಡೋ ಗ್ರಾಮಸಭೇಲಿ ಅರ್ಧದಷ್ಟು ಜನ ಇರ್ಬೇಕು, ಇದ್ದೋರಲ್ಲಿ ಮೂರನೇ ಒಂದು ಭಾಗ ಹೆಂಗಸರಿರ್ಬೇಕು. ಕಾಗದದ ಮೇಲೆ ಸಹಿ ಹಾಕಿಸ್ಕೊಂಡು ಮುಗಿಸೋ ಗ್ರಾಮಸಭೆಗಳಿಗೂ ಮೈಕ್ ಹಾಕಿದ್ದೀನಿ, ಅದರ ಬಗ್ಗೆ ಬರೆದ್ರೆ ನನಗೆ ಪಂಚಾಯ್ತಿ ಬಿಲ್ ಪಾಸಾಗಲ್ಲ, ಬಿಡಿ.

ಹೆಂಗಸರ ಮಾತು ಬಂತಲ್ಲ. ಗ್ಯಾರಂಟಿ ಬೇಕಾ ಬೇಡವಾ ಅಂತ ಒಂದು ಪ್ಯಾನೆಲ್ ಆಯ್ತು. ಗೃಹಲಕ್ಷ್ಮಿ 2000 ರೂಪಾಯಿ, ಫ್ರೀ ಬಸ್ಸು, ಇದರಿಂದ ರಾಜ್ಯ ಹಾಳಾಯ್ತಾ ಉದ್ಧಾರ ಆಯ್ತಾ ಅಂತ ಆರು ಜನ ಗಂಡಸರು ಮೇಲೆ ಕೂತು ಜಗಳ ಆಡಿದ್ರು, ಮೂರು ಜನ ಆ ಕಡೆ ಮೂರು ಜನ ಈ ಕಡೆ, ಸಮ ಸಮ ಅಂತ ಆಯೋಜಕರು ಬೀಗಿದ್ದೇ ಬೀಗಿದ್ದು. ಕೆಳಗೆ ಸ್ವಸಹಾಯ ಸಂಘದಿಂದ ಕರ್ಕೊಂಡು ಬಂದ ಐವತ್ತು ಅರವತ್ತು ಜನ ಹೆಂಗಸರು. ಆ ದುಡ್ಡು ಬರೋದು ಇವರಿಗೆ, ಬಸ್ ಹತ್ತೋದು ಇವರು, ಅಕೌಂಟಿಗೆ ಬಂದ ದುಡ್ಡು ಎಂತಕ್ಕೆ ಖರ್ಚಾಯ್ತು, ಗಂಡ ಕಿತ್ಕೊಂಡ್ನಾ, ಸಂಘದ ಕಂತಿಗೆ ಹೋಯ್ತಾ, ಒಂದು ತಿಂಗಳು ಬರದಿದ್ರೆ ಏನಾಗುತ್ತೆ, ಇದೆಲ್ಲ ಗೊತ್ತಿರೋದು ಇವರಿಗೆ. ಒಬ್ಬರನ್ನೂ ಕೇಳಲಿಲ್ಲ. ಸಾಲಾಗಿ ಕೂರಿಸಿ ಫೋಟೋ ಹೊಡ್ಕೊಂಡ್ರು, ಮಾರನೇ ದಿನ ಪೇಪರಲ್ಲಿ "ಕಿಕ್ಕಿರಿದ ಸಭಾಂಗಣ".

ಇನ್ನೊಂದು ನಗು ಬರೋ ಸಂಗತಿ. ಜಾತಿ ಸಮೀಕ್ಷೆ ಬಗ್ಗೆ ಮಾಡಿದ್ದು, 2025ರ ದಸರಾ ಹೊತ್ತಿಗೆ ಮನೆ ಮನೆಗೆ ಬಂದು 60 ಪ್ರಶ್ನೆ ಕೇಳಿ ಹೋದ್ರಲ್ಲ ಅದು. ಸರ್ಕಾರ ಜನರನ್ನ 60 ಪ್ರಶ್ನೆ ಕೇಳ್ತು, ಆ ಬಗ್ಗೆ ಮಾಡಿದ ಸಂವಾದದಲ್ಲಿ ಜನಕ್ಕೆ ಒಂದು ಪ್ರಶ್ನೆ ಕೇಳೋಕೆ ಆಗಲಿಲ್ಲ. ಹೋಗ್ಲಿ, ರಜದಲ್ಲಿ ಗುಡ್ಡ ಹತ್ತಿ ಇಳಿದು, ನೆಟ್‌ವರ್ಕ್ ಸಿಗದೇ ಮರದ ಹತ್ರ ಮೊಬೈಲ್ ಎತ್ತಿ ಹಿಡಿದು, ಸಮೀಕ್ಷೆ ಮಾಡಿದ ಮೇಷ್ಟ್ರುಗಳು ಮೇಡಂಗಳು ಹಿಂದಿನ ಸಾಲಲ್ಲೇ ಇದ್ರು, ಅವರಲ್ಲಿ ಒಬ್ಬರನ್ನಾದ್ರೂ ಏನ್ ಮೇಷ್ಟ್ರೇ ಹೇಗಾಯ್ತು ಅಂತ ಕೇಳಿದ್ರೆ ಯಾರ ಮನೇಲಿ ಯಾವ ಕಾಲಂ ಹತ್ರ ಮಾತು ನಿಲ್ತಿತ್ತು ಅಂತ ಹೇಳ್ತಿದ್ರು. ಅದರ ಬದಲು ಏನಾಯ್ತು ಅಂದ್ರೆ, ಲೈವ್ ಇತ್ತಲ್ಲ, ಲೈವಲ್ಲಿ ಬೆಂಗಳೂರಿಂದ ಯಾರೋ ಟೈಪ್ ಮಾಡಿದ ಪ್ರಶ್ನೆಯನ್ನ ನಿರೂಪಕರು ಮೊಬೈಲ್ ನೋಡಿ ಓದಿದ್ರು, ಪ್ಯಾನೆಲ್‌ನೋರು ಅದಕ್ಕೆ ಉತ್ತರನೂ ಕೊಟ್ರು. ಇಲ್ಲಿ ಎದುರಿಗೆ ಕೈ ಎತ್ತಿದೋರು ಕಾಣಲ್ಲ, ಅಲ್ಲಿ ಫೋನಲ್ಲಿ ಇರೋರು ಕಾಣ್ತಾರೆ.

ಪ್ರಶ್ನೆ ಚೀಟಿಯಲ್ಲಿ ಬರೆದು ಕೊಡಿ ಅಂತ ಕೆಲವರು ಮಾಡ್ತೀರಿ. ಅದು ಇನ್ನೂ ಮೋಸ. ಚೀಟಿ ಮೇಲೆ ಹೋಗುತ್ತೆ, ನಿರೂಪಕರು ಎರಡು ಆರಿಸ್ತಾರೆ, ಯಾವ ಎರಡು ಅಂದ್ರೆ ಅತಿಥಿಗಳಿಗೆ ತೊಂದರೆ ಇಲ್ಲದ ಎರಡು, ಉಳಿದಿದ್ದು ನೀರಿನ ಬಾಟಲಿ ಕೆಳಗೆ ಒದ್ದೆ ಆಗಿ ಬಿದ್ದಿರುತ್ತೆ. ಟೇಬಲ್ ಮೈಕ್ ಬಿಚ್ಚೋವಾಗ ನಾನು ಅದನ್ನ ಓದ್ತೀನಿ. ಹೆಚ್ಚಿನವು ಆಮಂತ್ರಣ ಪತ್ರಿಕೆ ಹಿಂಭಾಗದಲ್ಲಿ ಬರೆದಿದ್ದು. ಅಡಿಕೆ ಬೆಳೆಗಾರರ ಸಮಸ್ಯೆ ಅಂತ ಒಂದು ಕಾರ್ಯಕ್ರಮದಲ್ಲಿ ಸಿಕ್ಕಿದ್ದು ಇನ್ನೂ ನೆನಪಿದೆ. ಒಂದರಲ್ಲಿ, ಎಲೆಚುಕ್ಕಿ ರೋಗಕ್ಕೆ ಔಷಧಿ ಹೊಡೆಯೋಕೆ ಫೈಬರ್ ದೋಟಿ, ಅಂದ್ರೆ ಉದ್ದ ಕೋಲು, ತಗೊಂಡ್ರೂ ಹಿಡಿಯೋ ಆಳು ಇಲ್ಲ, ಎಂತ ಮಾಡೋದು ಅಂತ. ಇನ್ನೊಂದರಲ್ಲಿ ಅಕ್ಷರ ಸೊಟ್ಟ, ಪೆನ್ಸಿಲ್ಲಲ್ಲಿ ಬರೆದಿದ್ದು: ಮರ ಹತ್ತೋರು ಬಿದ್ದು ಸೊಂಟ ಮುರಿದ್ರೆ ಯಾರು ನೋಡೋದು, ಯಜಮಾನ್ರಾ ಸರ್ಕಾರನಾ. ಹೆಸರು ಬರೆದಿರಲಿಲ್ಲ. ಆ ದಿನ ಮೇಲೆ ಕೂತಿದ್ದು ಬೆಳೆಗಾರರು, ವಿಜ್ಞಾನಿಗಳು, ಸಹಕಾರಿ ಸಂಘದೋರು. ಅಡಿಕೆ ಬಗ್ಗೆ ಇಷ್ಟು ಸಂವಾದಕ್ಕೆ ಮೈಕ್ ಹಾಕಿದ್ದೀನಿ, ಮರ ಹತ್ತಿ ಅಡಿಕೆ ಗೊನೆ ಕೊಯ್ಯೋನು ಒಬ್ಬ ಪ್ಯಾನೆಲ್‌ನಲ್ಲಿ ಕೂತಿದ್ದನ್ನ ನಾನಂತೂ ನೋಡಿಲ್ಲ. ಮಂಗನ ಕಾಯಿಲೆ ಬಗ್ಗೆ ಮಾಡ್ದಾಗಲೂ ಹಾಗೇ. 2019ರಲ್ಲಿ ಅರಳಗೋಡು ಕಡೆ ಜನ ಸತ್ರಲ್ಲ, ಆಗ ಮನೆ ಮನೆ ತಿರುಗಿ ಉಣ್ಣೆ ಕಚ್ಚದ ಹಾಗೆ ಮೈಗೆ ಹಚ್ಚೋ ಡಿಎಂಪಿ ಎಣ್ಣೆ ಹಂಚಿದ ಆಶಾ ಕಾರ್ಯಕರ್ತೆಯರು ಚೆನ್ನಾಗಿ ಮಾತಾಡ್ತಾರೆ, ನಾನು ಚಹಾ ಕುಡೀತಾ ಕೇಳಿದ್ದೀನಿ. ಅವರಿಗೆ ಸಿಗೋದು ಹೂಗುಚ್ಛ ಮೇಲೆ ತಂದು ಕೊಡೋ ಕೆಲಸ.

ನೀವು ಏನು ಹೇಳ್ತೀರಿ ಅಂತನೂ ಗೊತ್ತು. ಜನಕ್ಕೆ ಮೈಕ್ ಕೊಟ್ರೆ ಬಿಡಲ್ಲ, ಪ್ರಶ್ನೆ ಅಂತ ಭಾಷಣ ಮಾಡ್ತಾರೆ, ಪಕ್ಷದೋರು ಬಂದು ಗಲಾಟೆ ಎಬ್ಬಿಸ್ತಾರೆ, ಒಬ್ಬ ಕುಡ್ಕೊಂಡು ಬಂದಿರ್ತಾನೆ, ಆಮೇಲೆ ಪೊಲೀಸ್ ಪರ್ಮಿಷನ್ ನಮ್ಮ ಹೆಸರಲ್ಲಿ ಇರುತ್ತೆ. ಇದು ಸುಳ್ಳಲ್ಲ, ನಾನೂ ನೋಡಿದ್ದೀನಿ, ಒಂದು ಕಡೆ ನನ್ನ ಮೈಕೇ ನೆಲಕ್ಕೆ ಬಿದ್ದು ಜಾಲರಿ ನೆಗ್ಗಿತ್ತು. ಅದಕ್ಕೆ ಮಾಡೋಕೆ ದಾರಿ ಇದೆ. ಮೈಕನ್ನ ಯಾರ ಕೈಗೂ ಕೊಡಬೇಡಿ, ನಿಮ್ಮ ಹುಡುಗ ಹಿಡ್ಕೊಂಡು ಬಾಯಿ ಹತ್ರ ಇಡ್ಲಿ, ಅವನು ಒಂದು ಹೆಜ್ಜೆ ಹಿಂದೆ ಹೋದ್ರೆ ಮಾತು ಮುಗೀತು. ಒಂದೇ ಮೈಕ್ ಇಟ್ರೆ ಅದು ಗಂಡಸರ ಕಡೆಯಲ್ಲೇ ತಿರುಗುತ್ತೆ, ಎರಡು ಇಡಿ, ಒಂದು ಹೆಂಗಸರು ಕೂತಿರೋ ಕಡೆನೇ ಇರ್ಲಿ, ಹಿಡಿಯೋಕೂ ಹುಡುಗೀನೇ ಇರ್ಲಿ. ಒಬ್ಬರಿಗೆ ಒಂದೂವರೆ ನಿಮಿಷ. ಮೀರಿದ್ರೆ ನಾನಿದ್ದೀನಲ್ಲ, ಮಿಕ್ಸರಲ್ಲಿ ಸೌಂಡಿನ ಫೇಡರ್ ನಿಧಾನಕ್ಕೆ ಇಳಿಸ್ತೀನಿ, ಪಟ್ ಅಂತ ಕಟ್ ಮಾಡಿದ್ರೆ ಅವಮಾನ ಆಗುತ್ತೆ, ನಿಧಾನಕ್ಕೆ ಇಳಿಸಿದ್ರೆ ಅವರೇ ನಿಲ್ಲಿಸ್ತಾರೆ. ಇದೇ ಕೆಲಸ ಮೇಲೆ ಕೂತೋರಿಗೂ ಮಾಡೋಕೆ ನನಗೆ ಒಂದು ಸಲ ಪರ್ಮಿಷನ್ ಕೊಟ್ಟು ನೋಡಿ, ಸಮಯದ ಅಭಾವ ಅನ್ನೋ ಮಾತೇ ಇರಲ್ಲ.

ಭಾಷಣ ಮಾಡ್ತಾರೆ ಅಂತೀರಲ್ಲ, ಮಾಡ್ಲಿ ಬಿಡಿ ಸ್ವಲ್ಪ. ಹುಟ್ಟಿದಾಗಿಂದ ಮೈಕ್ ಮುಂದೆ ಒಂದು ಸಲನೂ ನಿಲ್ಲದೇ ಇರೋರಿಗೆ ವಿಷಯಕ್ಕೆ ಬರೋಕೆ ಅರ್ಧ ನಿಮಿಷ ಬೇಕಾಗುತ್ತೆ, ಅವರ ಧ್ವನಿನೇ ಅವರಿಗೆ ಸ್ಪೀಕರಲ್ಲಿ ಕೇಳಿ ಗಾಬರಿ ಆಗುತ್ತೆ, "ಎಲ್ಲರಿಗೂ ನಮಸ್ಕಾರ" ಅಂತಾರೆ, ನಿಲ್ಲಿಸ್ತಾರೆ, ಆಮೇಲೆ ಹೇಳ್ತಾರೆ. ನಿಮ್ಮ ಅತಿಥಿಗಳು ವೇದಿಕೆ ಮೇಲಿರೋ ಎಲ್ಲರ ಹೆಸರೂ ಹೇಳಿ ಮುಗಿಸೋಕೆ ಇದಕ್ಕಿಂತ ಜಾಸ್ತಿ ತಗೋತಾರೆ.

ನಮ್ಮ ಊರಿಗೆ ಇದು ಬರದೇ ಇರೋ ವಿದ್ಯೆನೂ ಅಲ್ಲ. ಇಲ್ಲೇ ಹೆಗ್ಗೋಡಲ್ಲಿ ನೀನಾಸಂ ನಾಟಕ ಸಂಸ್ಥೆಯ ಶಿಬಿರದಲ್ಲಿ ಹಿಂದಿನ ರಾತ್ರಿ ನೋಡಿದ ನಾಟಕದ ಬಗ್ಗೆ ಬೆಳಿಗ್ಗೆ ಕೂತು ಚರ್ಚೆ ಮಾಡ್ತಾರೆ, ನೋಡಿದೋರು ಕೇಳ್ತಾರೆ, ಮಾಡಿದೋರು ಕೂತು ಕೇಳಿಸ್ಕೋತಾರೆ. 1951ರಲ್ಲಿ ಕಾಗೋಡಲ್ಲಿ ಗೇಣಿದಾರರು ಎದ್ದಿದ್ದು ಇದೇ ತಾಲ್ಲೂಕಲ್ಲಿ, ರೈತ ಮುಖಂಡ ಗಣಪತಿಯಪ್ಪ, ಸಮಾಜವಾದಿ ಶಾಂತವೇರಿ ಗೋಪಾಲಗೌಡ್ರು, ಅವರ ನಾಯಕ ಲೋಹಿಯಾನೂ ಬಂದು ಅರೆಸ್ಟ್ ಆದ್ರು, ಅಲ್ಲಿ ಶುರುವಾಗಿದ್ದು ದೊಡ್ಡೋರ ಭಾಷಣದಿಂದ ಅಲ್ಲ, ಗೇಣಿ ಅಳೆಯೋ ಕೊಳಗ ದೊಡ್ಡದಾಯ್ತು ಅಂತ ಉಳೋರು ತಗಾದೆ ತೆಗೆದಿದ್ದರಿಂದ. ಇದನ್ನ ನನಗೆ ಹೇಳಿಕೊಟ್ಟಿದ್ದು ನಿಮ್ಮ ವೇದಿಕೆಗಳೇ, ಕಾಗೋಡು ಹೋರಾಟದ ನೆನಪು ಅಂತ ಪ್ರತಿ ಸಲ ಯಾರಾದ್ರೂ ಹೇಳ್ತಾರೆ. ಅಂಥಾ ಒಂದು ಕಾರ್ಯಕ್ರಮದಲ್ಲೂ ಕೊನೆಗೆ ಪ್ರಶ್ನೋತ್ತರ ಕೈಬಿಟ್ಟಿದ್ದು ನನ್ನ ಕಣ್ಣಾರೆ ನೋಡಿದ್ದೀನಿ.

ಇನ್ನೊಂದು, ಟೈಮಿಂಗ್. ಹಿನ್ನೀರಿನ ಆಚೆ ತುಮರಿ ಕಡೆಯೋರು ಮೊದಲು ಲಾಂಚ್ ತಪ್ಪುತ್ತೆ ಅಂತ ಮಧ್ಯದಲ್ಲೇ ಎದ್ದು ಹೋಗ್ತಿದ್ರು. 2025ರ ಜುಲೈನಲ್ಲಿ ಸೇತುವೆ ಆಯ್ತು, ಈಗ ಲಾಂಚ್ ಕಾಯೋ ಕೆಲಸ ಇಲ್ಲ, ಆದರೂ ಬಸ್ ಬಸ್ಸೇ. ಹಾಲು ಕರೆಯೋ ಹೊತ್ತಿಗೆ ಮನೆ ಸೇರ್ಬೇಕಾದೋರನ್ನ ಮೂರೂವರೆಗೆ "ಈಗ ಸಂವಾದ" ಅಂತ ಕೂರಿಸಿದ್ರೆ ಉಳಿಯೋದು ಯಾರು? ಊರೊಳಗೆ ಸ್ಕೂಟರ್ ಇರೋ ರಿಟೈರ್ಡ್ ಜನ. ಅವರ ಬಗ್ಗೆ ನನಗೆ ಗೌರವ ಇದೆ, ಆದರೆ ಅವರ ಪ್ರಶ್ನೆಗಳು ನನಗೆ ಈಗ ಪೂರ್ತಿ ಗೊತ್ತು, ಅವರು ಎದ್ದು ನಿಂತ ತಕ್ಷಣ ನಾನು ಎಕೋ ಕಮ್ಮಿ ಮಾಡ್ತೀನಿ. ರಾತ್ರಿ ಕಾರ್ಯಕ್ರಮ ಆದ್ರೆ ಹೊರಗಡೆ ಹಾರ್ನ್ ಸ್ಪೀಕರ್ ಹಾಕೋಕೆ ಹತ್ತು ಗಂಟೆವರೆಗೆ ಮಾತ್ರ ಬಿಡೋದು, ಅದೂ ಲೆಕ್ಕದಲ್ಲಿರಲಿ.

ಪ್ಯಾನೆಲ್‌ಗೆ ಕರೆಯೋರ ಬಗ್ಗೆ ಒಂದೇ ಮಾತು. ಐದೂ ಜನ ಒಂದೇ ಮಾತು ಹೇಳೋರಾದ್ರೆ ಒಬ್ಬರು ಸಾಕು, ನನಗೂ ನಾಲ್ಕು ಮೈಕ್ ಉಳಿಯುತ್ತೆ. ಬಗರ್‌ಹುಕುಂ, ಅಂದ್ರೆ ಅನುಮತಿ ಇಲ್ದೇ ಸರ್ಕಾರಿ ಜಮೀನು ಸಾಗುವಳಿ ಮಾಡ್ತಿರೋದು, ಅದರ ಬಗ್ಗೆ ಮಾಡೋದಾದ್ರೆ ಅದನ್ನ ಸಕ್ರಮ ಮಾಡಿ ಅಂತ ಫಾರಂ 57 ಅರ್ಜಿ ಹಾಕಿ ಕಾಯ್ತಾ ಇರೋನನ್ನೂ ಅರಣ್ಯ ಇಲಾಖೆಯೋರನ್ನೂ ಒಂದೇ ಟೇಬಲ್‌ಗೆ ಕೂರಿಸಿ. ಟಿವಿ ಥರ ಕಿರುಚಾಡಿಸೋಕಲ್ಲ. ಇಬ್ಬರೂ ಒಂದೇ ಊರಲ್ಲಿ ಒಂದೇ ಅಂಗಡೀಲಿ ಚಹಾ ಕುಡಿಯೋರು, ಎದುರಾಬದುರಾ ಕೂತ್ರೆ ಒಂದು ಲಿಮಿಟ್ಟಲ್ಲೇ ಮಾತಾಡ್ತಾರೆ.

ಈಗ ನನ್ನ ಕಡೆಯಿಂದ. ಅಡಿಕೆ ಕೊಯ್ಲು ಮುಗಿದ ಮೇಲೆ ನಿಮ್ಮ ಸೀಸನ್ ಶುರು, ಬುಕಿಂಗ್ ಬರೋಕೆ ಶುರುವಾಗಿದೆ. ಇನ್ನು ಮುಂದೆ ಯಾವ ಸಂವಾದಕ್ಕೆ ಹಾಕಿದ್ರೂ ಕೆಳಗಿನ ಎರಡು ಕಾರ್ಡ್‌ಲೆಸ್‌ಗೆ ಬಾಡಿಗೆ ತಗೊಳ್ಳಲ್ಲ, ಸೆಲ್ ಕೂಡ ನಂದೇ. ನೀವು ಮಾಡ್ಬೇಕಾದ್ದು ಆಮಂತ್ರಣ ಪತ್ರಿಕೇಲಿ ಒಂದು ಸಾಲು ಹಾಕ್ಸೋದು, ಉದ್ಘಾಟನೆ ಆದ ತಕ್ಷಣ ಅರ್ಧ ಗಂಟೆ ಸಭಿಕರ ಮಾತು ಅಂತ, ಪ್ರಿಂಟಿಗೆ ಕೊಡೋ ಮುಂಚೆ ನನಗೊಂದು ಫೋಟೋ ವಾಟ್ಸಾಪ್ ಮಾಡಿ. ಆ ಸಾಲು ಇರೋ ಕಾರ್ಯಕ್ರಮಕ್ಕೆ ಮೊದಲು ಡೇಟ್ ಕೊಡ್ತೀನಿ. ಇಲ್ದೇ ಇರೋದಕ್ಕೂ ಬರ್ತೀನಿ, ಹೊಟ್ಟೆಪಾಡು, ಆದರೆ ಅದನ್ನ ಸಭೆ ಸಮಾರಂಭದ ರೇಟಲ್ಲಿ ಹಾಕ್ತೀನಿ, ಸಂವಾದ ಅಂತ ಕನ್ಸೆಷನ್ ಕೇಳ್ಬೇಡಿ.

ಇಂತಿ,
ಮಿಕ್ಸರ್ ಹಿಂದೆ ಕೂರೋನು, ಸಾಗರ